ಬೆಳ್ಳಿತೆರೆಯ ಅಲೆಯೂ ಕೃಷ್ಣೆಯ ಅಲೆಯೂ

ಬೆಳ್ಳಿತೆರೆಯ ಮೇಲೆ ಭೋರ್ಗರೆಯುವ ಕಡಲನ್ನು ಕಾಣದವರು ಇಂದು ವಿರಳ. ಆ ಕಡಲಿನಲ್ಲಿ ಅನೇಕ ವೇಳೆ ಒಂದು ಹನಿ ನೀರೂ ಇರುವುದಿಲ್ಲ. ಅದು ಗಣಕಯಂತ್ರವು ಲೆಕ್ಕ ಹಾಕಿ ಬರೆದ ಚಿತ್ರ. ಇಲ್ಲದ ನೀರಿಗೆ ನಿಜವಾದ ನೀರಿನ ನಡೆ ಬರುವುದು ಹೇಗೆ? ಹಾಗೆ ಬರೆದ ನೀರನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇದನ್ನು ವಿಚಾರಿಸಲು ನಾವು ಸಮುದ್ರತೀರಕ್ಕೆ ಹೋಗಬೇಕಾಗಿಲ್ಲ. ಬೀಳಗಿ ತಾಲ್ಲೂಕಿನಲ್ಲಿ ಹರಡಿರುವ ಆಲಮಟ್ಟಿ ಜಲಾಶಯದ ಹಿನ್ನೀರೇ ಸಾಕು.

ಮುಧೋಳದ ಬಳಿ ಘಟಪ್ರಭೆಯ ಪಾತ್ರ ಕಿರಿದು. ಅದನ್ನು ಅಡ್ಡಹಾಯುವ ಗಾಳಿಗೆ ನೀರಿನ ಮೇಲೆ ಓಡಲು ಸ್ಥಳ ಸಾಲದು. ಆದುದರಿಂದ ಅಲ್ಲಿ ಸಣ್ಣ ತೆರೆಗಳು ಮಾತ್ರ ಏಳುತ್ತವೆ. ವಿಶಾಲವಾದ ಹಿನ್ನೀರಿನಲ್ಲಾದರೋ ಅದೇ ಗಾಳಿ ಬಹುದೂರ ನೀರನ್ನು ತಳ್ಳುತ್ತ ಹೋಗುವುದರಿಂದ ಅಲೆಗಳು ಬೆಳೆಯುತ್ತವೆ. ಗಾಳಿಯ ವೇಗ, ಅದು ಬೀಸಿದ ಕಾಲ, ನೀರಿನ ಮೇಲೆ ಅದು ಸಾಗಿದ ದೂರ, ಈ ಮೂರೂ ಸೇರಿ ಅಲೆಯ ಗಾತ್ರವನ್ನು ನಿರ್ಣಯಿಸುತ್ತವೆ. ಚಿತ್ರಕಾರನು ಯಂತ್ರಕ್ಕೆ ಮೊದಲು ಒದಗಿಸಬೇಕಾದ ಅಂಕಿಗಳೂ ಬಹುಮಟ್ಟಿಗೆ ಇವೇ.

ಎರಡನೆಯ ನಿಯಮ ವೇಗಕ್ಕೆ ಸಂಬಂಧಿಸಿದುದು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ಅಂತರವನ್ನು ತರಂಗದೂರವೆನ್ನುತ್ತಾರೆ. ಆಳವಾದ ನೀರಿನಲ್ಲಿ ೧ ಮೀಟರ್ ತರಂಗದೂರದ ಅಲೆ ಸೆಕೆಂಡಿಗೆ ಸುಮಾರು ೧.೨೫ ಮೀಟರ್ ಸಾಗಿದರೆ, ೪ ಮೀಟರಿನದು ೨.೫ ಮೀಟರ್, ೧೦೦ ಮೀಟರಿನದು ೧೨.೫ ಮೀಟರ್ ಸಾಗುತ್ತದೆ. ತರಂಗದೂರ ನಾಲ್ಕು ಪಟ್ಟಾದಾಗ ವೇಗ ಎರಡು ಪಟ್ಟಾಗುತ್ತದೆಂದಾಯಿತು. ದೊಡ್ಡ ಅಲೆ ಚಿಕ್ಕದನ್ನು ಹಿಂದಿಕ್ಕಿ ಹೋಗುವುದು ಈ ಕಾರಣದಿಂದಲೇ. ಎಲ್ಲ ಅಲೆಗಳನ್ನೂ ಒಂದೇ ವೇಗದಲ್ಲಿ ಓಡಿಸಿದ ಚಿತ್ರ ನೀರಿನಂತೆ ಕಾಣದೆ, ಗಾಳಿಗೆ ಜಾರುವ ಜಮಖಾನೆಯಂತೆ ಕಾಣುತ್ತದೆ. ಸೂತ್ರವನ್ನರಿಯದ ಪ್ರೇಕ್ಷಕನ ಕಣ್ಣೂ ಈ ದೋಷವನ್ನು ಕ್ಷಣದಲ್ಲಿ ಹಿಡಿಯುತ್ತದೆ; ಏಕೆಂದರೆ ಅದು ಹುಟ್ಟಿದಂದಿನಿಂದ ಕೆರೆ, ಹೊಳೆಗಳನ್ನು ನೋಡಿ ಪಳಗಿದೆ.

ಇನ್ನು ಈ ಅಲೆಗಳನ್ನು ಕೂಡಿಸುವ ಬಗೆ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಸೇರಿ ಸೀರೆಯಾಗುವಂತೆ, ನಾನಾ ದಿಕ್ಕುಗಳಿಗೆ ಸಾಗುವ ಸಾವಿರಾರು ಸರಳ ಅಲೆಗಳು ಸೇರಿ ನೀರಿನ ಮೇಲ್ಮೈಯಾಗುತ್ತದೆ. ಒಂದು ಬಿಂದುವಿನಲ್ಲಿ ಎಲ್ಲ ಅಲೆಗಳ ಎತ್ತರಗಳನ್ನು ಕೂಡಿದರೆ ಅಲ್ಲಿಯ ನೀರಿನ ಎತ್ತರ ದೊರೆಯುತ್ತದೆ. ಆದರೆ ೫೧೨ ಸಾಲು, ೫೧೨ ಕಂಬಗಳ ಒಂದು ಚೌಕದಲ್ಲಿಯೇ ೨,೬೨,೧೪೪ ಬಿಂದುಗಳಿವೆ. ಅಷ್ಟೇ ಸಂಖ್ಯೆಯ ಅಲೆಗಳನ್ನು ಪ್ರತಿ ಬಿಂದುವಿನಲ್ಲಿಯೂ ಬಿಡಿಬಿಡಿಯಾಗಿ ಕೂಡುತ್ತ ಹೋದರೆ ಒಂದೇ ಚಿತ್ರಕ್ಕೆ ಸುಮಾರು ೬,೮೭೨ ಕೋಟಿ ಸಂಕಲನಗಳು ಬೇಕು. ಸಿನಿಮಾಕ್ಕೆ ಸೆಕೆಂಡಿಗೆ ಇಂತಹ ೨೪ ಚಿತ್ರಗಳು! ೧೯೬೫ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬ ಗಣಿತಜ್ಞರು ಪ್ರಕಟಿಸಿದ ಕ್ಷಿಪ್ರಕ್ರಮವು ಈ ಕೆಲಸವನ್ನು ಸುಮಾರು ೪೭ ಲಕ್ಷ ಹೆಜ್ಜೆಗಳಿಗೆ ಇಳಿಸುತ್ತದೆ. ಇದನ್ನು ಕಡಲಿನ ಚಿತ್ರಣಕ್ಕೆ ಅಳವಡಿಸಿ ಪ್ರಚಾರಕ್ಕೆ ತಂದವರಲ್ಲಿ ಜೆರಿ ಟೆಸೆಂಡಾರ್ಫ್ ಪ್ರಮುಖರು. ೧೯೯೭ರ ‘ಟೈಟಾನಿಕ್’ ಚಿತ್ರದ ಕಡಲಿಗೂ ಈ ಬಗೆಯ ಲೆಕ್ಕವೇ ನೆರವಾಯಿತು. ಇಂದು ಬೆಲೆಯಿಲ್ಲದೆ ದೊರೆಯುವ ‘ಬ್ಲೆಂಡರ್’ ತಂತ್ರಾಂಶದಲ್ಲಿಯೂ ಇದೇ ವಿಧಾನವುಂಟು.

ಈ ವಿಧಾನಕ್ಕೊಂದು ಕೊರತೆಯುಂಟು. ಹೀಗೆ ನೇಯ್ದ ಚೌಕದ ಬಲದಂಚು ಎಡದಂಚಿಗೆ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಅದನ್ನೇ ಪಕ್ಕಪಕ್ಕದಲ್ಲಿ ಜೋಡಿಸಿ ಕಡಲನ್ನು ಹಿಗ್ಗಿಸಬಹುದು. ಆದರೆ ಮೇಲಿನಿಂದ ನೋಡಿದರೆ ಸೀರೆಯ ಬುಟ್ಟಾದಂತೆ ಅದೇ ಅಲೆ ಮರಳಿ ಮರಳಿ ಕಂಡು ಗುಟ್ಟು ರಟ್ಟಾಗುತ್ತದೆ. ಬೇರೆ ಬೇರೆ ಅಳತೆಯ ಚೌಕಗಳನ್ನು ಒಂದರ ಮೇಲೊಂದು ಹೊದಿಸಿ ಚಿತ್ರಕಾರರು ಇದನ್ನು ಮರೆಮಾಡುತ್ತಾರೆ.

ಒಡೆಯುವ ನೀರಿಗೆ ಈ ಉಪಾಯವೂ ಸಾಲದು. ಹಿಪ್ಪರಗಿ ಬ್ಯಾರೇಜಿನ ಬಾಗಿಲುಗಳಿಂದ ಧುಮ್ಮಿಕ್ಕುವ ನೀರು ಮಗುಚಿ, ಸಿಡಿದು, ನೊರೆಯಾಗುತ್ತದೆ. ಅಲ್ಲಿ ಒಂದು ಬಿಂದುವಿಗೆ ಒಂದೇ ಎತ್ತರವೆಂಬ ಮಾತೇ ನಿಲ್ಲದು. ಅದಕ್ಕಾಗಿ ನೀರನ್ನು ಲಕ್ಷಾಂತರ ಕಣಗಳನ್ನಾಗಿ ಭಾವಿಸಿ, ಪ್ರತಿಯೊಂದರ ಮೇಲೆಯೂ ವರ್ತಿಸುವ ಗುರುತ್ವ ಮತ್ತು ಒತ್ತಡಗಳನ್ನು ಕ್ಷಣಕ್ಷಣಕ್ಕೂ ಗಣಿಸಬೇಕು. ಕೊನೆಗೆ ಬೆಳಕು: ನೆಟ್ಟಗೆ ಕೆಳಕ್ಕೆ ನೋಡಿದಾಗ ನೀರು ಶೇಕಡಾ ೨ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ, ದೂರದ ನೀರನ್ನು ಓರೆಯಾಗಿ ನೋಡಿದಾಗ ಅದು ಬಹುಮಟ್ಟಿಗೆ ಕನ್ನಡಿಯಾಗುತ್ತದೆ. ಈ ವ್ಯತ್ಯಾಸವನ್ನು ಬಿಟ್ಟರೆ ನೀರು ಬಣ್ಣ ಬಳಿದ ತಗಡಿನಂತಾದೀತು.

ಹೀಗೆ ಸಿದ್ಧವಾದ ನೀರಿಗೆ ನ್ಯಾಯಾಧಿಪತಿ ಪ್ರೇಕ್ಷಕನ ಕಣ್ಣು. ಕಣ್ಣು ಒಪ್ಪಿತೆಂದರೆ ಕೆಲಸ ಮುಗಿಯಿತು. ಕಥೆಗೆ ಬೇಕೆಂದು ಅಲೆಯನ್ನು ಎರಡು ಪಟ್ಟು ಎತ್ತರಿಸಿದರೂ ತಪ್ಪಿಲ್ಲ. ಆದರೆ ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳ ನೆರೆ ಜಮಖಂಡಿ, ಮುಧೋಳ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ ಜನರಿಗೆ ಬೇಕಾಗಿದ್ದುದು ಅಂದವಾದ ಅಲೆಯಲ್ಲ. ನೀರು ಯಾವ ಓಣಿಯವರೆಗೆ, ಎಷ್ಟು ಹೊತ್ತಿಗೆ ಬಂದೀತೆಂಬ ಉತ್ತರ. ಅದನ್ನು ಕೊಡಬಲ್ಲ ಗಣನೆಗೂ ಮೂಲ ಚಲನನಿಯಮಗಳೇ ಆಧಾರ. ಆದರೆ ಅಲ್ಲಿ ಅಲೆಯ ಹೊಳಪಿಗಿಂತ ನೆಲದ ಏರಿಳಿತ, ಪಾತ್ರದ ಹೂಳು, ಮೇಲಿನಿಂದ ಬಿಟ್ಟ ನೀರಿನ ಪ್ರಮಾಣ ಇವುಗಳ ನಿಖರವಾದ ಅಳತೆ ಮುಖ್ಯ.

ಆಲಮಟ್ಟಿಯ ನೀರಿನ ಮಟ್ಟವನ್ನು ೫೧೯.೬೦ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು ೨೦೧೦ರಲ್ಲಿ ಅನುಮತಿಯಿತ್ತಿತು. ಇಂತಹ ಸಂದರ್ಭದಲ್ಲಿ ಮುಳುಗಡೆಯ ಗಡಿಯನ್ನು ತೋರಿಸುವ ಗಣಕಚಿತ್ರವನ್ನು ಯಾರಾದರೂ ನಮ್ಮ ಮುಂದಿಟ್ಟರೆ, “ಎಷ್ಟು ನೈಜವಾಗಿದೆ!” ಎಂದು ಬೆರಗಾಗುವ ಮೊದಲು “ಯಾವ ಅಳತೆಗಳಿಂದ ಮಾಡಿದ್ದು?” ಎಂದು ಕೇಳುವುದು ವಿವೇಕ. ಬೆಳ್ಳಿತೆರೆಯ ನೀರನ್ನು ಕಣ್ಣು ಒಪ್ಪಿದರೆ ಸಾಕು. ಹೊಲಮನೆಗಳ ಅಂಚಿಗೆ ಬರುವ ನೀರಿನ ಲೆಕ್ಕವನ್ನು ನದಿಯೇ ಒಪ್ಪಬೇಕು.