ಗ್ರೇಡ್ 1 ಸ್ತನ ಕ್ಯಾನ್ಸರ್: ಚಿಕ್ಕ ವಯಸ್ಸಿನ ತಾಯಂದಿರು ಮತ್ತು ಮನೆಯವರು ತಿಳಿದಿರಬೇಕಾದ ಸಂಗತಿಗಳು



ಎದೆಯಲ್ಲಿ ಗಂಟು ಕಂಡು, ಸೂಜಿ ಪರೀಕ್ಷೆಯಾಗಿ, ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬಂದೊಡನೆ ಮನೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತವೆ. ಒಂದು, ‘ಇನ್ನು ಎಲ್ಲ ಮುಗಿಯಿತು’ ಎಂಬ ಅಂಜಿಕೆ. ಇನ್ನೊಂದು, ‘ಇದು ಕಡಿಮೆ ಗ್ರೇಡಿನದು, ನಿಧಾನವಾಗಿ ಬೆಳೆಯುವಂಥದ್ದು’ ಎಂದು ಡಾಕ್ಟರರು ಹೇಳಿದ ಮೇಲೆ ಬರುವ ‘ಹಾಗಾದರೆ ಚಿಂತೆ ಇಲ್ಲ, ನೋಡಿದರಾಯಿತು’ ಎಂಬ ಸಡಿಲಿಕೆ. ಎರಡೂ ಸರಿಯಲ್ಲ. ಕಡಿಮೆ ಗ್ರೇಡ್ ಎನ್ನುವುದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಅದರ ಲಾಭ ಸಿಗಬೇಕಾದರೆ ವರ್ಷಗಟ್ಟಲೆ ತಾಳ್ಮೆಯಿಂದ ಚಿಕಿತ್ಸೆ ಪಡೆಯಬೇಕು. ಅದಕ್ಕಾಗಿ ರೋಗಿಗೆ ತನ್ನ ರೋಗ ಯಾವುದೆಂದು ತಿಳಿದಿರಬೇಕು. ಈ ಎರಡು ಮಾತುಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಭಾರತದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಸ್ತನ ಕ್ಯಾನ್ಸರ್. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ಪ್ರಕರಣಗಳು ಎಂದು ಅಂದಾಜಿದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಇದು ಸುಮಾರು 10 ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ‘ಇಷ್ಟು ಚಿಕ್ಕ ವಯಸ್ಸಿಗೆ ಹೇಗೆ ಬಂತು, ಯಾರ ಕಣ್ಣು ಬಿತ್ತು’ ಎಂದು ಕೊರಗಬೇಕಾಗಿಲ್ಲ. ಇದು ಯಾರ ಶಾಪದಿಂದಲೂ, ಯಾವ ಪಾಪದಿಂದಲೂ ಬಂದದ್ದಲ್ಲ.

ಗ್ರೇಡ್ ಬೇರೆ, ಹಂತ ಬೇರೆ

ರಿಪೋರ್ಟಿನಲ್ಲಿ ಗ್ರೇಡ್ ಎಂಬ ಮಾತಿನ ಮುಂದೆ ರೋಮನ್ ಅಂಕಿ ಇರುತ್ತದೆ. ನೆಟ್ಟಗಿನ ಒಂದು ಗೀಟು ಇದ್ದರೆ ಗ್ರೇಡ್ 1, ಎರಡು ಇದ್ದರೆ 2, ಮೂರು ಇದ್ದರೆ 3. ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಈ ಅಂಕಿ ಕೊಡುತ್ತಾರೆ. ಜೀವಕೋಶಗಳು ಸಹಜ ಸ್ತನದಂತೆ ಕೊಳವೆ ಕೊಳವೆಯಾಗಿ ಜೋಡಣೆಯಾಗಿವೆಯೇ, ಅವುಗಳ ಕೋಶಕೇಂದ್ರದ ಆಕಾರ ಎಷ್ಟು ಕೆಟ್ಟಿದೆ, ಎಷ್ಟು ವೇಗವಾಗಿ ಒಡೆದು ಹೆಚ್ಚುತ್ತಿವೆ ಎಂಬ ಮೂರು ಅಂಶಗಳಿಗೆ 1ರಿಂದ 3ರವರೆಗೆ ಅಂಕ. ಒಟ್ಟು 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3.

ಹಂತ ಎನ್ನುವುದು ಬೇರೆ. ಗಂಟು ಎಷ್ಟು ದೊಡ್ಡದು, ಕಂಕುಳಿನ ಗ್ರಂಥಿಗಳಿಗೆ ಹೋಗಿದೆಯೇ, ಎಲುಬು, ಶ್ವಾಸಕೋಶ, ಯಕೃತ್ತಿಗೆ ಮುಟ್ಟಿದೆಯೇ ಎಂಬುದರ ಮೇಲೆ 1ರಿಂದ 4ರವರೆಗೆ ಹಂತ ನಿರ್ಧಾರವಾಗುತ್ತದೆ. ಹೊಲದ ಉದಾಹರಣೆಯಿಂದ ಹೇಳುವುದಾದರೆ, ಬೆಳೆದ ಕಳೆ ಯಾವ ಜಾತಿಯದು ಎನ್ನುವುದು ಗ್ರೇಡ್. ಅದು ಹೊಲದಲ್ಲಿ ಎಷ್ಟು ದೂರ ಹಬ್ಬಿದೆ ಎನ್ನುವುದು ಹಂತ. ನಿಧಾನವಾಗಿ ಬೆಳೆಯುವ ಕಳೆಯನ್ನೂ ಕೀಳದೆ ಬಿಟ್ಟರೆ ಹೊಲ ತುಂಬುತ್ತದೆ. ಹಾಗೆಯೇ ಗ್ರೇಡ್ 1 ಎಂದು ಚಿಕಿತ್ಸೆ ಮುಂದೂಡಿದರೆ ಹಂತ ಏರುತ್ತದೆ.

ಇವುಗಳ ಜೊತೆಗೆ ಮೂರನೆಯದಾಗಿ, ಗಂಟು ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂಬ ಪರೀಕ್ಷೆ ಇದೆ. ಇಆರ್, ಪಿಆರ್, ಹರ್-2 ಎಂಬ ಹೆಸರುಗಳು ರಿಪೋರ್ಟಿನಲ್ಲಿರುತ್ತವೆ. ಗ್ರೇಡ್ 1 ಗಂಟುಗಳಲ್ಲಿ ಬಹುಪಾಲು ಇಆರ್ ಪಾಸಿಟಿವ್ ಆಗಿರುತ್ತವೆ. ಇಲ್ಲಿ ಪಾಸಿಟಿವ್ ಎಂದರೆ ಕೆಟ್ಟದ್ದೆಂದು ಅಂಜಬೇಡಿ. ಮಾತ್ರೆಯಿಂದ ತಡೆಯಬಹುದಾದ ರೋಗ ಎಂದೇ ಅದರ ಅರ್ಥ.

ಚಿಕಿತ್ಸೆ ಏನೇನು?

ಮೊದಲನೆಯದು ಶಸ್ತ್ರಚಿಕಿತ್ಸೆ. ಗಂಟು ಚಿಕ್ಕದಿದ್ದರೆ ಸ್ತನ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಗಂಟು ಮತ್ತು ಅದರ ಸುತ್ತಲಿನ ಭಾಗವನ್ನಷ್ಟೇ ತೆಗೆದು, ನಂತರ ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲ ಎಂದು ಇಟಲಿ ಮತ್ತು ಅಮೆರಿಕದ ವೈದ್ಯರು 20 ವರ್ಷ ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಮಾಡಿದ್ದಾರೆ. ಸ್ತನ ಉಳಿಸಿಕೊಂಡವರು ವಿಕಿರಣ ತಪ್ಪಿಸಬಾರದು. ಜನರ ಮಾತಿನಲ್ಲಿ ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆ ಮೊದಲು 5 ವಾರ ಹಿಡಿಯುತ್ತಿತ್ತು. ಈಗ ಅನೇಕರಿಗೆ 3 ವಾರದಲ್ಲಿ, ಸುಮಾರು 15 ಬಾರಿಗೆ ಮುಗಿಯುತ್ತದೆ.

ಗಂಟು ಚಿಕ್ಕದಿದ್ದು, ಗ್ರಂಥಿಗೆ ಹರಡದೆ, ಇಆರ್ ಪಾಸಿಟಿವ್ ಮತ್ತು ಹರ್-2 ನೆಗೆಟಿವ್ ಇದ್ದರೆ ಗ್ರೇಡ್ 1ರ ಅನೇಕರಿಗೆ ಕಿಮೊಥೆರಪಿ ಬೇಕಾಗುವುದಿಲ್ಲ. ‘ಅವರಿಗೆ ಸಲಾಯಿನ್‌ನಲ್ಲಿ ಔಷಧ ಕೊಟ್ಟರು, ನಮಗೇಕೆ ಕೊಡಲಿಲ್ಲ’ ಎಂದು ಪಕ್ಕದ ಹಾಸಿಗೆಯವರೊಂದಿಗೆ ಹೋಲಿಸಿಕೊಳ್ಳಬೇಡಿ. ಒಬ್ಬೊಬ್ಬರ ರೋಗ ಒಂದೊಂದು ತರಹ.

ಐದು ವರ್ಷದ ಮಾತ್ರೆ

ಇಆರ್ ಪಾಸಿಟಿವ್ ಇದ್ದವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಇನ್ನೂ ಮುಟ್ಟಾಗುತ್ತಿರುವವರಿಗೆ ಸಾಮಾನ್ಯವಾಗಿ ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಒಂದರಂತೆ 5 ವರ್ಷ, ಕೆಲವರಿಗೆ 10 ವರ್ಷ ಕೊಡುತ್ತಾರೆ. ದೇಹದ ಈಸ್ಟ್ರೋಜನ್ ಹಾರ್ಮೋನು ಬೀಗದ ಕೈಯಂತೆ ಕ್ಯಾನ್ಸರ್ ಕೋಶವನ್ನು ತೆರೆಯುತ್ತದೆ; ಈ ಮಾತ್ರೆ ಬೀಗದ ತೂತಿನಲ್ಲೇ ಕುಳಿತು ಆ ಕೈಯನ್ನು ಒಳಗೆ ಬಿಡುವುದಿಲ್ಲ. 5 ವರ್ಷ ಸರಿಯಾಗಿ ತೆಗೆದುಕೊಂಡವರಲ್ಲಿ ಈ ರೋಗದಿಂದಾಗುವ ಸಾವು 15 ವರ್ಷಗಳ ಅವಧಿಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಬೆಲೆಯೂ ಹೆಚ್ಚಲ್ಲ, ಜನೌಷಧಿ ಕೇಂದ್ರಗಳಲ್ಲಿ ಕೇಳಿ.

ನಿಧಾನವಾಗಿ ಬೆಳೆಯುವ ಈ ಜಾತಿಯ ಕ್ಯಾನ್ಸರ್ ಮರಳುವುದಾದರೂ ನಿಧಾನವಾಗಿಯೇ ಮರಳಬಹುದು. ಕೆಲವರಲ್ಲಿ 10, 15 ವರ್ಷಗಳ ನಂತರ ಬಂದದ್ದೂ ಉಂಟು. ಚಿಕ್ಕ ವಯಸ್ಸಿನವರಿಗೆ ಮುಂದೆ ಬಹಳ ಆಯುಷ್ಯವಿದೆ. ಆದ್ದರಿಂದಲೇ ‘ಆರಾಮ ಅನ್ನಿಸುತ್ತಿದೆ’ ಎಂದು ಎರಡನೆಯ ವರ್ಷಕ್ಕೆ ಮಾತ್ರೆ ಬಿಡುವುದು ಅಪಾಯ. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸದ ದಿನವೂ ನೀರಿನೊಂದಿಗೆ ಮಾತ್ರೆ ನುಂಗಬಹುದು. ತವರಿಗೆ, ಜಾತ್ರೆಗೆ, ಕಬ್ಬು ಕಡಿಯಲು ಬೇರೆ ಊರಿಗೆ ಹೋಗುವಾಗ ಮಾತ್ರೆ ಚೀಟಿಯೊಂದಿಗೆ ಹೊರಡಿ.

ಮೈ ಝಳ ಬಂದಂತಾಗುವುದು, ಬೆವರುವುದು, ಮುಟ್ಟು ಏರುಪೇರಾಗುವುದು ಸಾಮಾನ್ಯ. ಒಂದೇ ಕಾಲು ಬಾತು ನೋಯುವುದು, ಒಮ್ಮೆಲೇ ಉಸಿರು ಕಟ್ಟಿದಂತಾಗುವುದು, ಕಣ್ಣು ಮಂಜಾಗುವುದು, ಅತಿಯಾದ ರಕ್ತಸ್ರಾವ ಇವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ. ಬೇರೆ ಡಾಕ್ಟರರ ಬಳಿ ಹೋದಾಗ, ವಿಶೇಷವಾಗಿ ಮನಸ್ಸಿನ ಬೇಸರಕ್ಕೆ ಔಷಧ ಬರೆಸುವಾಗ, ಈ ಮಾತ್ರೆಯ ವಿಷಯ ಹೇಳಿ. ಕೆಲವು ಔಷಧಗಳು ಇದರ ಶಕ್ತಿಯನ್ನು ಕುಂದಿಸುತ್ತವೆ.

ಮಕ್ಕಳಾಗುವ ವಿಚಾರ

ಚಿಕ್ಕ ವಯಸ್ಸಿನವರು ಕೇಳಲು ನಾಚುವ, ಆದರೆ ಕೇಳಲೇಬೇಕಾದ ಪ್ರಶ್ನೆ ಇದು. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವಾಗ ಬಸಿರಾಗಬಾರದು, ಕೂಸಿಗೆ ಹಾನಿಯಾಗುತ್ತದೆ. ಮುಟ್ಟು ನಿಂತಿದ್ದರೂ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ. ಮಾಲಾ-ಎನ್ ಗುಳಿಗೆ, ಅಂತರಾ ಚುಚ್ಚುಮದ್ದು ಹಾರ್ಮೋನಿನವು; ಅವು ನಿಮಗೆ ಬೇಡ. ಕಾಪರ್-ಟಿ ಅಥವಾ ನಿರೋಧ್ ಬಳಸಬಹುದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ ಈ ವಿಷಯ ತಿಳಿಸಿಡಿ.

ಹಾಗೆಂದು ಮಕ್ಕಳ ಆಸೆ ಬಿಡಬೇಕೆಂದಿಲ್ಲ. 42 ವರ್ಷದೊಳಗಿನ 500ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹಾರ್ಮೋನ್ ಚಿಕಿತ್ಸೆಯನ್ನು ಒಂದೂವರೆಯಿಂದ ಎರಡೂವರೆ ವರ್ಷ ಪಡೆದು, ಮಗುವಿಗಾಗಿ 2 ವರ್ಷದವರೆಗೆ ನಿಲ್ಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಮೊದಲ ಮೂರು ವರ್ಷಗಳಲ್ಲಿ ರೋಗ ಮರಳುವುದು ಅವರಲ್ಲಿ ಹೆಚ್ಚಾಗಲಿಲ್ಲ. ದೀರ್ಘಕಾಲದ ಫಲಿತಾಂಶಕ್ಕಾಗಿ ಅವರನ್ನು ಗಮನಿಸುವುದು ಮುಂದುವರಿದಿದೆ. ಆದರೆ ಯಾವಾಗ ನಿಲ್ಲಿಸಬೇಕು, ನಿಲ್ಲಿಸಿದ ಎಷ್ಟು ತಿಂಗಳ ನಂತರ ಬಸಿರಾಗಬಹುದು, ಯಾವಾಗ ಮತ್ತೆ ಆರಂಭಿಸಬೇಕು ಎಂಬುದನ್ನು ಡಾಕ್ಟರರೇ ಹೇಳಬೇಕು. ಅತ್ತೆ-ಮಾವನವರ ಒತ್ತಾಯಕ್ಕೆ ಮಾತ್ರೆಯನ್ನು ಕದ್ದು ಬಿಡಬೇಡಿ. ಕಿಮೊಥೆರಪಿ ಬೇಕಾಗಿದ್ದರೆ, ಅದು ಆರಂಭವಾಗುವ ಮೊದಲೇ ಮಕ್ಕಳ ವಿಚಾರ ಮಾತನಾಡಿ.

ಕೈಯ ಜೋಪಾನ

ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈ ಬಾಯುವ ಸಂಭವವಿರುತ್ತದೆ. ಆ ಕೈಯ ಬಳೆ ಬಿಗಿಯಾಗತೊಡಗಿದರೆ ಅದೇ ಮೊದಲ ಸೂಚನೆ. ಬಳೆ ತೆಗೆದು ಡಾಕ್ಟರರಿಗೆ ತೋರಿಸಿ. ಹೇಳಿಕೊಟ್ಟ ವ್ಯಾಯಾಮವನ್ನು, ಗೋಡೆಯ ಮೇಲೆ ಬೆರಳಿನಿಂದ ಮೇಲೇರುವುದನ್ನು, ದಿನವೂ ಮಾಡಿ. ರೊಟ್ಟಿ ಬಡಿಯುವುದು, ತಲೆ ಬಾಚುವುದು ಮುಂತಾದ ಕೆಲಸಗಳನ್ನು ಡಾಕ್ಟರರು ಹೇಳಿದ ಮೇಲೆ ಮೆಲ್ಲಗೆ ಆರಂಭಿಸಬಹುದು. ತುಂಬಿದ ಕೊಡ ಎತ್ತುವುದಕ್ಕೆ ಅವಸರ ಬೇಡ.

ಇಂಡಿ ಕಡೆಯ ಲಿಂಬೆ ತೋಟದಲ್ಲಿ ಕೆಲಸ ಮಾಡುವವರು ಮುಳ್ಳು ಚುಚ್ಚದಂತೆ ಉದ್ದ ತೋಳಿನ ಅಂಗಿ, ಕೈಚೀಲ ಹಾಕಿಕೊಳ್ಳಬೇಕು. ತೊಗರಿ ಕೊಯ್ಯುವಾಗ, ಒಲೆಯ ಮುಂದೆ ಕೂತಾಗಲೂ ಎಚ್ಚರ. ಗಾಯವಾದರೆ ಸಾಬೂನು ನೀರಿನಲ್ಲಿ ತೊಳೆಯಿರಿ. ಕೆಂಪಾಗಿ ಜ್ವರ ಬಂದರೆ ಅಂದೇ ತೋರಿಸಿ.

ವಿಕಿರಣ ನಡೆಯುವ ದಿನಗಳಲ್ಲಿ ಆ ಚರ್ಮಕ್ಕೆ ವಿಭೂತಿ, ಅರಿಸಿನ, ಎಣ್ಣೆ, ಪೌಡರ್ ಹಚ್ಚಬೇಡಿ. ಇಷ್ಟಲಿಂಗದ ಬೆಳ್ಳಿ ಕರಡಿಗೆ, ತಾಳಿ ಎದೆಯ ಮೇಲಿರಬಾರದು. ಲಿಂಗವನ್ನು ಆ ಕೆಲವು ನಿಮಿಷ ಹೇಗೆ ಇಟ್ಟುಕೊಳ್ಳಬಹುದೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಮನಸ್ಸಿಗೆ ಸಂಕೋಚವಿದ್ದರೆ ಸ್ವಾಮಿಗಳ ಹತ್ತಿರ ಮಾತನಾಡಿ. ಆದರೆ ಈ ಕಾರಣಕ್ಕಾಗಿ ಒಂದು ದಿನದ ಚಿಕಿತ್ಸೆಯನ್ನೂ ತಪ್ಪಿಸಬೇಡಿ.

ಮನೆಯವರಿಗೆ ಒಂದು ಮಾತು

‘ಡಾಕ್ಟರ್ರೇ, ಅಕಿಗೆ ಮಾತ್ರ ಹೇಳಬ್ಯಾಡ್ರಿ, ಎದಿ ಒಡಕೋತಾಳ’ ಎಂದು ಬಂಧುಗಳು ಕೇಳಿಕೊಳ್ಳುವುದುಂಟು. ಪ್ರೀತಿಯಿಂದಲೇ ಹೀಗೆ ಹೇಳುತ್ತಾರೆ. ಆದರೆ ‘ಬರೀ ಹಾಲಿನ ಗಂಟು’ ಎಂದು ನಂಬಿದ ಹೆಣ್ಣುಮಗಳು 5 ವರ್ಷ ಮಾತ್ರೆಯನ್ನೇಕೆ ನುಂಗುತ್ತಾಳೆ? ಬಸಿರಾಗಬಾರದೆಂದು ಅವಳಿಗೆ ತಿಳಿಯುವುದಾದರೂ ಹೇಗೆ? ಆಕೆಗೆ ಹೇಳಿ. ಜೊತೆಗೆ, ಇದು ನಿಧಾನದ ಜಾತಿ, ಸರಿಯಾದ ಚಿಕಿತ್ಸೆ ಪಡೆದರೆ ಬಹಳ ಜನ ಹತ್ತಾರು ವರ್ಷ ಬಾಳುತ್ತಾರೆ ಎಂಬುದನ್ನೂ ಹೇಳಿ. ಸಂಗತಿ ತಿಳಿಯದೆ ಎಲ್ಲರ ಮುಖ ನೋಡಿ ಊಹಿಸುವ ಸಂಕಟ, ತಿಳಿದ ಸಂಕಟಕ್ಕಿಂತ ದೊಡ್ಡದು.

ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ಒಂದೇ ತಾಟಿನಲ್ಲಿ ಉಣ್ಣಬಹುದು, ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬಹುದು, ಗಂಡ-ಹೆಂಡತಿ ಎಂದಿನಂತೆ ಇರಬಹುದು. ನಮ್ಮದೇ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೇ ಶತಮಾನದಲ್ಲಿಯೇ ಸೂತಕ, ಮೈಲಿಗೆಗಳನ್ನು ಅಲ್ಲಗಳೆದರು. ಅವರ ನಾಡಿನಲ್ಲಿ ರೋಗ ಬಂದ ಹೆಣ್ಣುಮಗಳ ತಟ್ಟೆ ಬೇರೆಯಾಗುವುದು ಸಲ್ಲದು. ಸ್ತನ ತೆಗೆದ ಮಾತ್ರಕ್ಕೆ ಆಕೆಯ ಹೆಣ್ತನ ಕಡಿಮೆಯಾಗುವುದಿಲ್ಲ. ಗಂಡನಾದವನು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬಾಯಿಬಿಟ್ಟು ಹೇಳಬೇಕು. ಓದಲು ಬರುವವರು ಲೇಖಕಿ ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಪುಸ್ತಕ ಓದಿ. ಅದು ಅವರದೇ ಸ್ತನ ಕ್ಯಾನ್ಸರಿನ ಅನುಭವ.

ಚಿಕ್ಕ ವಯಸ್ಸಿನಲ್ಲಿ ರೋಗ ಬಂದವರ ಅಕ್ಕ-ತಂಗಿಯರೂ ಒಮ್ಮೆ ತೋರಿಸಿಕೊಳ್ಳಲಿ. 100ರಲ್ಲಿ 5ರಿಂದ 10 ಜನರಿಗೆ ಇದು ವಂಶದಿಂದ ಬಂದಿರುತ್ತದೆ. ತಂದೆಯ ಕಡೆಯಿಂದಲೂ ಬರಬಹುದು. ರಕ್ತ ಪರೀಕ್ಷೆ ಬೇಕೇ ಎಂದು ಡಾಕ್ಟರರನ್ನು ಕೇಳಿ.

ಎಲ್ಲಿಗೆ ಹೋಗಬೇಕು, ಖರ್ಚು ಹೇಗೆ?

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಕೇಂದ್ರ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಗಡಿಯಾಚೆ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಗೆ ನಮ್ಮ ಭಾಗದವರು ಹೋಗುತ್ತಾರೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಜೊತೆಗಿರಲಿ. ಬೇರೆ ರಾಜ್ಯಕ್ಕೆ ಹೋಗುವವರು ಅಲ್ಲಿ ಕಾರ್ಡ್ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ ಪ್ರಯಾಣ ಉಚಿತ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಿಂದ ರೈಲಿನಲ್ಲಿ ಹೋಗುವವರಿಗೆ ಕ್ಯಾನ್ಸರ್ ರೋಗಿಗಳ ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ಇದೆ. ಅದಕ್ಕೆ ಡಾಕ್ಟರರ ಪ್ರಮಾಣಪತ್ರ ಬೇಕು.

ನೆನಪಿಡಿ

1. ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, 5 ವರ್ಷದವರೆಗೆ 6ರಿಂದ 12 ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ತಪಾಸಣೆಗೆ ಬನ್ನಿ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಮಾಡಿಸಿ.
2. ಎಲ್ಲ ರಿಪೋರ್ಟುಗಳನ್ನು ಒಂದೇ ಚೀಲದಲ್ಲಿ, ತೇವ ತಾಗದಂತೆ ಇಡಿ.
3. ಹೊಸ ಗಂಟು, ಬಿಡದ ಎಲುಬು ನೋವು, ವಾರಗಟ್ಟಲೆ ಕೆಮ್ಮು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ.
4. ಗಂಟಿಗೆ ಲೇಪ ಹಚ್ಚಿ, ಸುಟ್ಟು ಕಾಲ ಕಳೆಯಬೇಡಿ. ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಹರಡುವುದಿಲ್ಲ.
5. ಡಾಕ್ಟರರು ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ.

ರೋಗ ನಿಧಾನದ್ದು, ಚಿಕಿತ್ಸೆಯೂ ನಿಧಾನದ್ದು. ದಿನಕ್ಕೊಂದು ಮಾತ್ರೆ, ವರ್ಷಕ್ಕೆ ಕೆಲವು ತಪಾಸಣೆ, ಉಳಿದಂತೆ ಹೊಲ, ಮನೆ, ಮಕ್ಕಳು, ಕಾಯಕ ಎಂದಿನಂತೆ ನಡೆಯಲಿ. ಏನೇ ಸಂಶಯವಿದ್ದರೂ ನಮ್ಮ ಹೊರರೋಗಿ ವಿಭಾಗದ ಸಿಸ್ಟರ್ ಅಥವಾ ಡಾಕ್ಟರರನ್ನು ಸಂಕೋಚವಿಲ್ಲದೆ ಕೇಳಿ.