ಪಂಜರದೊಳಗಿನಿಂದ ಶಾರ್ಕಿನ ಚಿತ್ರ

ದಕ್ಷಿಣ ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್ 1963ರಲ್ಲಿ ಬಿಳಿ ಶಾರ್ಕಿನ ಬಾಯಿಗೆ ಸಿಕ್ಕಿ, ತೀವ್ರ ಗಾಯಗಳೊಡನೆ ಬದುಕಿ ಉಳಿದರು. ಆ ಪ್ರಾಣಿಯನ್ನು ನಿರ್ಭಯವಾಗಿ ನೋಡಲು ನೀರಿಗಿಳಿಸುವ ಲೋಹದ ಪಂಜರವನ್ನು ರೂಪಿಸಿದವರೂ ಅವರೇ. ಇಂದು ಅಲ್ಲಿನ ನೆಪ್ಚೂನ್ ದ್ವೀಪಗಳ ಬಳಿ ಪ್ರವಾಸಿಗರು ಕ್ಯಾಮೆರಾ ಹಿಡಿದು ಅಂತಹ ಪಂಜರಗಳಿಗೆ ಇಳಿಯುತ್ತಾರೆ. ಅವರಿಗೆ ಎಂತಹ ಉಪಕರಣ ತಕ್ಕುದು?

ದೂರದ ಹಕ್ಕಿಗೆ ಉದ್ದನೆಯ ಮಸೂರ ಬೇಕೆಂಬುದು ನೆಲದ ಮೇಲಿನ ನಿಯಮ. ನೀರಿನಲ್ಲಿ ಅದು ಸಲ್ಲದು. ನೀರು ಬೆಳಕನ್ನು ಹೀರಿಕೊಳ್ಳುತ್ತದೆ. ಮೊದಲು ಮರೆಯಾಗುವುದು ಕೆಂಪು ಬಣ್ಣ. ನಡುವಣ ನೀರು ಹೆಚ್ಚಿದಷ್ಟೂ ಚಿತ್ರ ಮಸುಕಾಗುತ್ತದೆ. ಆದುದರಿಂದ ಸಮೀಪಕ್ಕೆ ಬಂದ ಪ್ರಾಣಿಯನ್ನು ಪೂರ್ಣವಾಗಿ ಹಿಡಿಯಬಲ್ಲ ಅಗಲನೋಟದ ಮಸೂರವೇ ಯೋಗ್ಯ. ಬಟ್ಟಲಿನ ನೀರಿನಲ್ಲಿ ನಾಣ್ಯ ಮೇಲೆದ್ದಂತೆ ಕಾಣುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ವಕ್ರೀಭವನವು ಚಪ್ಪಟೆ ಗಾಜಿನ ಹಿಂದಿರುವ ಮಸೂರದ ನೋಟವನ್ನು ಕಿರಿದಾಗಿಸುತ್ತದೆ. ಗುಮ್ಮಟಾಕಾರದ ಗಾಜುಳ್ಳ ಜಲನಿರೋಧಕ ಕವಚವು ಈ ದೋಷವನ್ನು ನೀಗುತ್ತದೆ.

ಫ್ಲಾಷ್ ಬೇಕೆ? ಬಿಸಿಲುಕೋಲಿನಲ್ಲಿ ಧೂಳು ಮಿನುಗುವಂತೆ, ಅದರ ಬೆಳಕಿನಲ್ಲಿ ನೀರಿನ ಕಣಗಳು ಮಿನುಗಿ ಚಿತ್ರವನ್ನು ಕೆಡಿಸಬಹುದು. ಅದರ ಉದ್ದನೆಯ ತೋಳುಗಳು ಸರಳುಗಳಿಗೆ ತೊಡರುತ್ತವೆ. ಮೇಲ್ಮೈಯಲ್ಲೇ ತೇಲುವ ಪಂಜರಕ್ಕೆ ಒಳ್ಳೆಯ ಬಿಸಿಲಿದ್ದರೆ ಸಾಕು. ಸೆಕೆಂಡಿನ 1/250 ಭಾಗದಷ್ಟು ಚುರುಕಾದ ಷಟರ್ ವೇಗವು ಮೀನಿನ ಚಲನೆಯನ್ನು ಹಿಡಿದು ನಿಲ್ಲಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಗಾತ್ರ. ಪಂಜರದ ಕಿಂಡಿಯ ಒಳಗಿನಿಂದಲೇ ಹೊರನೋಡಬಲ್ಲ ಚಿಕ್ಕ ಉಪಕರಣವೇ ಲೇಸು. ಕಣ್ಣು ಒಂದು ಶಾರ್ಕಿನ ಮೇಲೆ ನೆಟ್ಟಿರುವಾಗ ಮತ್ತೊಂದು ಪಕ್ಕದಿಂದ ಬಂದೀತು. ಕೈ ಸರಳಿನಾಚೆ ಚಾಚಿದುದು ಆ ಕ್ಷಣದಲ್ಲಿ ತಿಳಿಯದು. ಕೈಯನ್ನು ಒಳಗಿರಿಸಿಕೊಂಡು ತೆಗೆಯಲಾಗದ ಚಿತ್ರ, ಎಷ್ಟೇ ಸೊಗಸಾಗಿರಲಿ, ತೆಗೆಯಬೇಕಾದ ಚಿತ್ರವಲ್ಲ.