ಜಾಲತಾಣ ಕಟ್ಟುವವರ ಉಪಕರಣಗಳು

ಕಮಲಾಪುರದ ಕೆಂಪು ಬಾಳೆಯ ಕೀರ್ತಿಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಭೌಗೋಳಿಕ ಸೂಚಕದ ಮನ್ನಣೆಯೂ ಅದಕ್ಕೆ ದೊರೆತಿದೆ. ಆದರೆ ಆ ಬಾಳೆಯನ್ನು ಬೆಳೆಯುವ ರೈತನು ಬೆಳೆಯ ರೋಗಕ್ಕೆ ಮದ್ದನ್ನೋ ಪೇಟೆಯ ಧಾರಣೆಯನ್ನೋ ತನ್ನ ಫೋನಿನಲ್ಲಿ ಕನ್ನಡದಲ್ಲಿ ಹುಡುಕಿದಾಗ ಉತ್ತರವು ದೊರೆಯುವುದೋ ಇಲ್ಲವೋ ಎಂಬುದು ಜಾಲತಾಣವನ್ನು ಕಟ್ಟಿದವರ ಎಚ್ಚರವನ್ನು ಅವಲಂಬಿಸಿರುತ್ತದೆ. ಕಲಬುರಗಿಯಲ್ಲಿ 1958ರಿಂದ ಎಂಜಿನಿಯರಿಂಗ್ ಕಾಲೇಜೂ 1980ರಿಂದ ವಿಶ್ವವಿದ್ಯಾಲಯವೂ ನಡೆದುಬಂದಿವೆ. ಈ ಕಸುಬನ್ನು ಕಲಿತ ಅಲ್ಲಿನ ತರುಣರ ಮುಂದೆ ಕೆಲವು ಮಾತುಗಳನ್ನಿಡುವುದು ಅವಶ್ಯವೆಂದು ತೋರುತ್ತದೆ.

ಬಡಗಿಗೆ ಉಳಿ ಬಾಚಿಗಳಿರುವಂತೆ ಇವರಿಗೆ ಪ್ಲಗಿನ್, ಎಕ್ಸ್‌ಟೆನ್ಷನ್ ಎಂಬ ಕಿರು ತಂತ್ರಾಂಶಗಳುಂಟು. ಬ್ರೌಸರಿಗಾಗಲಿ ತಾಣಕ್ಕಾಗಲಿ ಇವನ್ನು ಜೋಡಿಸಿದರೆ ಮೂಲದಲ್ಲಿಲ್ಲದ ಶಕ್ತಿಯು ಬರುತ್ತದೆ. ಅಸಂಖ್ಯಾತವಾದ ಇವುಗಳಲ್ಲಿ, ನಮ್ಮ ಓದುಗನಿಗೆ ಪುಟವು ದಕ್ಕುವುದೇ ಎಂಬುದನ್ನು ತೋರಿಸತಕ್ಕವನ್ನೇ ಮೊದಲು ಆರಿಸಿಕೊಳ್ಳಬೇಕು.

ಕ್ರಿಸ್ ಪೆಡೆರಿಕ್ ಎಂಬವರು ರಚಿಸಿದ ‘ವೆಬ್ ಡೆವಲಪರ್’ ಅಂತಹದೊಂದು. ಇದರಿಂದ ಪುಟದ ಚಿತ್ರಗಳನ್ನು ಮರೆಮಾಡಿ ನೋಡಬಹುದು. ಚಿತ್ರಗಳೊಡನೆ ಕನ್ನಡವೂ ಮಾಯವಾಯಿತೆಂದರೆ ಅಲ್ಲಿದ್ದುದು ಅಕ್ಷರವಲ್ಲ, ಅಕ್ಷರದ ಚಿತ್ರ. ಅಲಂಕಾರವನ್ನೆಲ್ಲ ಕಳಚಿದಾಗ ಕನ್ನಡವು ಅರ್ಥವಿಲ್ಲದ ರೋಮನ್ ಲಿಪಿಯ ರಾಶಿಯಾದರೆ, ಆ ಪುಟವು ಯೂನಿಕೋಡಿಗೆ ಮುಂಚಿನ ಹಳೆಯ ಫಾಂಟಿನದು. ಕನ್ನಡದಲ್ಲಿ ಹುಡುಕುವವನಿಗೆ ಅದು ಸಿಕ್ಕದು. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವು ದೊರೆತಿರಲು, ಈ ಲೋಪಕ್ಕೆ ಈಗ ಸಮಾಧಾನವೆಲ್ಲಿಯದು?

ಎರಡನೆಯದು ಅಮೆರಿಕದ ಯೂಟಾ ಪ್ರಾಂತದ ವೆಬ್‌ಏಮ್ ಸಂಸ್ಥೆಯ ‘ವೇವ್’. ಕಣ್ಣಿಲ್ಲದವರು ತಂತ್ರಾಂಶದಿಂದ ಪುಟವನ್ನು ಓದಿಸಿಕೇಳುತ್ತಾರೆ. ಚಿತ್ರಗಳಿಗೆ ವಿವರಣೆಯಿಲ್ಲದಿರುವುದನ್ನೂ ಪುಟಕ್ಕೆ ಭಾಷೆಯ ಗುರುತಿಲ್ಲದಿರುವುದನ್ನೂ ವೇವ್ ಎತ್ತಿ ತೋರಿಸುತ್ತದೆ. ಆದರೆ ಕನ್ನಡ ಪುಟಕ್ಕೆ ಇಂಗ್ಲಿಷಿನ ಗುರುತನ್ನು ಹಾಕಿದ್ದರೆ ಆ ತಪ್ಪನ್ನು ಕಟ್ಟಿದವನೇ ಕಂಡುಹಿಡಿಯಬೇಕು. ಮೂರನೆಯದಾದ ‘ಲೈಟ್‌ಹೌಸ್’ ಈಗ ಕ್ರೋಮ್ ಬ್ರೌಸರಿನೊಳಗೇ ಇದೆ. ಸಾಧಾರಣ ಫೋನಿನಲ್ಲಿ, ಮಂದವಾದ ಸಂಪರ್ಕದಲ್ಲಿ ಪುಟವು ತೆರೆಯಲು ಎಷ್ಟು ಹೊತ್ತು ಹಿಡಿಯುವುದೆಂದು ಅದು ತಿಳಿಸುತ್ತದೆ.

ಓದಿಸಿದರಷ್ಟೇ ಸಾಲದು, ಬರೆಯಿಸಲೂ ಬೇಕು. ಅರ್ಜಿಯ ಪುಟದಲ್ಲಿ ಕನ್ನಡವನ್ನು ಬರೆಯಲು ಅನುವಾಗುವಂತೆ ವಿಕಿಮೀಡಿಯದವರ ‘ಜೆಕ್ವೆರಿ ಐಎಂಇ’ ಎಂಬ ಪ್ಲಗಿನ್ ಉಂಟು. ಅದರಲ್ಲಿ ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಇವೆಲ್ಲವೂ ಸೇರಿವೆ. ಉಚಿತವಾದುದರಿಂದ ಬಡ ಸಂಘಸಂಸ್ಥೆಗಳಿಗೂ ಎಟುಕತಕ್ಕದ್ದು.

ಒಂದು ಎಚ್ಚರಿಕೆಯ ಮಾತು. ಎಕ್ಸ್‌ಟೆನ್ಷನ್‌ಗಳಲ್ಲಿ ಹಲವು, ನಾವು ತೆರೆಯುವ ಪ್ರತಿಯೊಂದು ಪುಟವನ್ನೂ ಓದಿ ಬದಲಿಸುವ ಅಧಿಕಾರವನ್ನು ಬೇಡುತ್ತವೆ. ಮೇಲೆ ಹೊಗಳಿದ ವೆಬ್ ಡೆವಲಪರಿನ ಕರ್ತೃವೇ 2017ರ ಆಗಸ್ಟಿನಲ್ಲಿ ವಂಚಕರ ಬಲೆಗೆ ಬಿದ್ದು, ಅದರ ಕ್ರೋಮ್ ಆವೃತ್ತಿಯಲ್ಲಿ ದುಷ್ಟ ಜಾಹೀರಾತಿನ ತಂತ್ರಾಂಶವು ಸೇರಿಹೋಗಿತ್ತು. ಕೂಡಲೇ ಅವರು ಅದನ್ನು ಸರಿಪಡಿಸಿದರು. ಆದುದರಿಂದ ಬೇಕಾದವನ್ನಷ್ಟೇ ಇಟ್ಟುಕೊಂಡು, ಕೆಲಸ ತೀರಿದೊಡನೆ ತೆಗೆದುಹಾಕುವುದು ಲೇಸು. ಬ್ಯಾಂಕಿನ ವ್ಯವಹಾರಕ್ಕೆ ಬೇರೆಯ ಬ್ರೌಸರನ್ನು ಬಳಸುವುದು ಇನ್ನೂ ಲೇಸು.

ಸಹಕಾರಿ ಸಂಘವಾಗಲಿ ಶಾಲೆಯಾಗಲಿ ಪಂಚಾಯತಿಯಾಗಲಿ ತಾಣವನ್ನು ಕಟ್ಟಿಸುವಾಗ ಈ ಪರೀಕ್ಷೆಗಳ ಫಲವನ್ನು ಕಣ್ಣಾರೆ ನೋಡಿಯೇ ಹಣವನ್ನು ಸಲ್ಲಿಸಲಿ. ಇವಕ್ಕೆ ಹಿಡಿಯುವ ಕಾಲವು ಒಂದು ಗಂಟೆಗೂ ಮಿಕ್ಕದು; ತಪ್ಪಿದರೆ ಕಮಲಾಪುರದ ರೈತನು ತನಗಾಗಿಯೇ ಕಟ್ಟಿದ ಪುಟವನ್ನು ಕಾಣದೆ ಹೋಗುವನು.